ನಾಲ್ಕು ಗುಂಜಿ

ಅಪ್ಪ ಕೂತಿದ್ದ ಹಲಗೆಯನ್ನೇ ಮೊದಲು ಸುಟ್ಟೆ.
ನಲವತ್ತು ವರ್ಷ ಅರದ ಪುಡಿ ಕುಡಿದ ಹಲಸು,
ಅದರಡಿಯ ಚಾಪೆ,
ಮಂಡಿಯ ಮೇಲೆ ಹಾಸುತ್ತಿದ್ದ ಗೋಣಿ,
ಹೊಸ್ತಿಲ ಬಿರುಕಿನಿಂದ ದಬ್ಬಳದಲ್ಲಿ ಕೆದಕಿದ ಮಣ್ಣು.
ಸೋನಾರವಾಡದ ಅಂಗಡಿಯನ್ನು ಮೊಬೈಲು ರಿಪೇರಿಯವನು
ಸೋಮವಾರದಿಂದ ಕೇಳಿದ್ದಾನೆ.
ನೆಲ ಅವನಿಗೆ. ದೂಳು ನನ್ನದು.

ಬಿಣಗಾದ ಕಾರ್ಖಾನೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ
ಬಣ್ಣ ನೋಡಿ ಅಂಕಿ ಬರೆದವಳು,
ಬೂದಿಗೆ ಹೆದರುವುದಿಲ್ಲ.
ಆಯಸ್ಕಾಂತ ಆಡಿಸಿದರೆ
ಅರದ ಕಬ್ಬಿಣ ಗಡ್ಡದಂತೆ ಎದ್ದು ಬಂತು.
ಉಳಿದದ್ದನ್ನು ತೊಳೆದು, ಬಿಳಿಗಾರ ಬೆರೆಸಿ,
ಮೂಸೆಯಲ್ಲಿ ಕರಗಿಸಿದೆ.
ಮಗುಚಿದಾಗ ಕೋಟಿನ ಗುಂಡಿಯಷ್ಟು ಲೋಹ,
ಕೊಳಕು ಹಳದಿ:
ಬೆಸುಗೆಯ ತಾಮ್ರ, ಬೆಳ್ಳಿ, ಊರಿನ ಅಷ್ಟೂ ಮದುವೆ.

ಒರೆಗಲ್ಲಿಗೆ ತಿಕ್ಕಿದೆ. ಅರ್ಧಕ್ಕಿಂತ ತುಸು ಹೆಚ್ಚು ಚಿನ್ನ.
ಇಲ್ಲಿಂದ ಮುಂದೆ ತೇಜಾಬು ಬೇಕು,
ಅದರ ಸ್ವಭಾವವೋ ವಿಚಿತ್ರ.
ಚಿನ್ನ ಹೆಚ್ಚಿದ್ದರೆ ಒಳಗೇ ಹೋಗುವುದಿಲ್ಲ,
ಬಾಗಿಲಲ್ಲಿ ನಿಂತು, ಚರ್ಮ ನೆಕ್ಕಿ, ತಿರುಗಿ ಬರುತ್ತದೆ.
ಒಳಗೆ ನಡೆಯಲು ಅದಕ್ಕೆ ಬೆಳ್ಳಿಯ ದಾರಿ ಬೇಕು,
ಚಿನ್ನ ಒಂದಕ್ಕೆ ಬೆಳ್ಳಿ ಮೂರು.
ಚೊಕ್ಕವಾಗಬೇಕಾದರೆ ಮೊದಲು ಇನ್ನಷ್ಟು ಕೆಡಬೇಕು.

ಸದಾಶಿವಗಡಕ್ಕೆ ಫೋನು ಮಾಡಿದೆ.
ಶೆವಂತತ್ತೆ, ಅಪ್ಪನ ಅಕ್ಕ.
ಮೂವತ್ತೊಂದು ವರ್ಷದ ಹಿಂದೆ ಅವಳ ಪಾಟ್ಲಿ
ಹೊಸದಾಗಿ ಮರಳಿದಾಗ ನಾಲ್ಕು ಗುಂಜಿ ಕಡಿಮೆ ತೂಗಿತ್ತು.
ಅರಕ್ಕೆ ಹೋಯ್ತು, ಅಂದ ಅಪ್ಪ.
ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡ, ಅಂದಳು ಅವಳು,
ಗಾದೆಯನ್ನು, ಆ ಗಾದೆಯ ಅಕ್ಕನೇ.
ಆಮೇಲೆ ಕಾಳಿ ಸೇತುವೆ ದಾಟಿ ಬಂದದ್ದು ಒಂದೇ ಸಲ,
ಅವನ ಮುಖಕ್ಕೆ ಬಟ್ಟೆ ಮುಚ್ಚುವ ಮೊದಲು.

ಮರುದಿನ ಟೆಂಪೊದವನ ಕೈಯಲ್ಲಿ ಪೊಟ್ಟಣ.
ಒಂದು ಜೊತೆ ಗೆಜ್ಜೆ.
ಹದಿನಾಲ್ಕರಲ್ಲಿ ಅಪ್ಪ ಮಾಡಿದ ಮೊದಲ ಕೆಲಸ,
ಒಂದು ಕೊಂಡಿ ಈಗಲೂ ಸೊಟ್ಟ.
ಮೂವತ್ತನಾಲ್ಕು ಗ್ರಾಂ. ಚೀಟಿ ಇರಲಿಲ್ಲ.

ಎರಡನ್ನೂ ಒಟ್ಟಿಗೆ ಕರಗಿಸಿ ನೀರಿಗೆ ಸುರಿದೆ,
ಚುರ್ರೆಂದು ಅರಳಾಯಿತು.
ಹಿತ್ತಲಲ್ಲಿ, ಗಾಳಿ ಕಡಲ ಕಡೆ ತಿರುಗುವುದನ್ನು ಕಾದು
ತೇಜಾಬು ಹೊಯ್ದು ಕಾಯಿಸಿದೆ.
ಕೆಂಗಂದು ಹೊಗೆ ಎದ್ದಿತು,
ಪಕ್ಕದ ಮನೆಯ ಬಟ್ಟೆಗಳು ಒಳಗೆ ಹೋದವು.
ಮೊದಲು ಹಸಿರು, ಮತ್ತೆ ನೀಲಿ, ತಾಮ್ರ ಬಾಯಿಬಿಟ್ಟ ಬಣ್ಣ.
ಬೆಳ್ಳಿ ಬಣ್ಣವಿಲ್ಲದೆ, ಹೇಳದೆ ಹೋಯಿತು.
ತಳದಲ್ಲಿ ಉಳಿದದ್ದು ಕಾಫಿಯ ಚರಟ.
ಇದೇ ಚಿನ್ನ ಅಂದರೆ ಯಾವ ಮದುಮಗಳೂ ನಂಬಳು.

ಬ್ಯಾಟರಿ ನೀರಲ್ಲಿ ತೊಳೆದೆ (ನಮ್ಮ ಬಾವಿಗೆ ಕಡಲು ಸೇರಿದೆ).
ತೊಳೆದ ನೀರಿಗೆ ಸಾಣಿಕಟ್ಟೆಯ ಉಪ್ಪು, ಒಂದು ಹರಳು:
ಹಾಲಾಯಿತು. ಬೆಳ್ಳಿ ಇನ್ನೂ ಇದೆ.
ಮತ್ತೆ ತೊಳೆದೆ. ನೀರುಮಜ್ಜಿಗೆ.
ಮತ್ತೆ. ಮಂಜು.
ಏಳನೆಯ ಸಲ ಉಪ್ಪು ಸುಮ್ಮನೆ ಕರಗಿತು.

ಬೆಂಕಿಯಲ್ಲಿ ಹಳದಿ ಮರಳಿತು, ಒಮ್ಮೆಲೇ, ಬೈದ ಹಾಗೆ.
ಹನ್ನೊಂದು ಗ್ರಾಂ.
ಅದರಲ್ಲಿ ಆ ನಾಲ್ಕು ಗುಂಜಿ ಇದೆಯೋ?
ಅರಕ್ಕೆ ಹೋದದ್ದು ನೆಲಕ್ಕೇ ಬೀಳಬೇಕಲ್ಲ.
ಎಷ್ಟು ಎಂದು ತೇಜಾಬು ಹೇಳಿತು.
ಯಾರದು ಎಂದರೆ ಅದಕ್ಕೆ ಕಿವಿಯಿಲ್ಲ.

ನೀಲಿ ನೀರಿಗೆ ತಾಮ್ರದ ಪಟ್ಟಿ ಇಳಿಬಿಟ್ಟೆ.
ರಾತ್ರಿಯಿಡೀ ಬೆಳ್ಳಿ ಬೂದುಪಾಚಿಯಾಗಿ ಅದಕ್ಕೆ ಹತ್ತಿತು.
ಅದನ್ನೂ ಗಟ್ಟಿ ಮಾಡಿ, ಎರಡನ್ನೂ ಕಟ್ಟಿಕೊಂಡು,
ಬಸ್ಸು ಹತ್ತಿದೆ.

ಅತ್ತೆ ಚಿನ್ನವನ್ನು ನೋಡಲಿಲ್ಲ.
ಬೆಳ್ಳಿಯನ್ನು ಅಂಗೈಯಲ್ಲಿ ಎರಡು ಸಲ ಎತ್ತಿಳಿಸಿದಳು,
ಸೋನಾರರ ಮನೆಯಲ್ಲಿ ಹುಟ್ಟಿದ ಅಂಗೈ.
"ಹೆಚ್ಚಿದೆಯಲ್ಲೇ."
ಹೌದು, ಮೂರು ಗ್ರಾಂ,
ಅಂಗಡಿಯ ಬೆಸುಗೆಯಲ್ಲಿದ್ದದ್ದು, ಯಾರ್ಯಾರದೋ.
"ನನ್ನದಲ್ಲದ್ದನ್ನು ತೆಗೆ."
ಆಗುವುದಿಲ್ಲ ಅತ್ತೆ, ಅಂದೆ,
ಬೆಳ್ಳಿ ಬೆಳ್ಳಿಯೊಳಗೆ ಹೋದ ಮೇಲೆ.

ಮೀನಿನವಳು ಗೇಟಿನಲ್ಲಿ ಕೂಗಿ, ಕಾದು, ಹೋದಳು.
ಅತ್ತೆ ಮುಷ್ಟಿ ಬಿಚ್ಚಲಿಲ್ಲ.
"ಗುಂಜಿಯಲ್ಲಿ ಎಷ್ಟಾಯಿತು?" ಕೇಳಿದಳು.
ಇಪ್ಪತ್ತೈದರ ಹತ್ತಿರ, ಅಂದೆ.